ಮಗಳು ಡಿಒ ಕಾಲೇಜಿಗೆ ಅರ್ಜಿ ಹಾಕುತ್ತೇನೆ ಅಂತಿದ್ದಾಳೆ, ಎಂಡಿ ಸಿಗುವವರೆಗೆ ಕಾಯಬೇಕಾ?

ತಿಪಟೂರು_ಎಡಿಸನ್

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಬಯಾಲಜಿ ಕೊನೆಯ ವರ್ಷ ಓದುತ್ತಿದ್ದಾಳೆ. ಕಾಲೇಜಿನ ಗ್ರೇಡ್ ಸರಾಸರಿ ಜಿಪಿಎ 3.6, ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ 505 ಬಂದಿದೆ. ಎಂಡಿ ಕಾಲೇಜುಗಳಿಗೆ (ಇಲ್ಲಿನ ಎಂಡಿ ಊರಿನ ಎಂಬಿಬಿಎಸ್ ಇದ್ದ ಹಾಗೆ) ಇದು ಕಡಿಮೆ ಅಂತ ಅವಳ ಪ್ರೀ-ಮೆಡ್ ಸಲಹೆಗಾರರು ಹೇಳಿದ್ದಾರೆ, ಡಿಒ, ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್ ಕಡೆ ನೋಡು ಅಂದಿದ್ದಾರೆ. ಅವಳಿಗೂ ಇಷ್ಟವಿದೆ. ಹೋದ ಬೇಸಿಗೆಯಲ್ಲಿ ನಮ್ಮೂರಿನ ಒಬ್ಬ ಫ್ಯಾಮಿಲಿ ಡಾಕ್ಟರ್ ಹತ್ತಿರ ಶ್ಯಾಡೋಯಿಂಗ್ (ಜೊತೆಗಿದ್ದು ಅವರ ಕೆಲಸ ನೋಡುವುದು) ಮಾಡಿದಳು, ಅವರು ಡಿಒ. ಅವರು ರೋಗಿಗಳ ಜೊತೆ ಮಾತಾಡುವ ರೀತಿ ಅವಳ ಮನಸ್ಸಿಗೆ ನಾಟಿಬಿಟ್ಟಿದೆ.

ಮನೆಯಲ್ಲಿ ಒಮ್ಮತ ಇಲ್ಲ. ಯಜಮಾನರು ಒಂದು ವರ್ಷ ಗ್ಯಾಪ್ ತೆಗೆದುಕೊಂಡು ಎಂಕ್ಯಾಟ್ ಮತ್ತೆ ಬರೆಯಲಿ ಅಂತಾರೆ. ಊರಲ್ಲಿ ನಮ್ಮ ಮಾವನವರು "ಅದು ಎಂಬಿಬಿಎಸ್ ತರಹದ್ದೋ, ಇಲ್ಲಾ ಬಿಎಎಂಎಸ್ ತರಹದ್ದೋ?" ಅಂತ ಕೇಳಿದರು. ನನಗೇ ಸರಿಯಾಗಿ ಉತ್ತರ ಕೊಡಲು ಬರಲಿಲ್ಲ. ಕನ್ನಡ ಕೂಟದಲ್ಲಿ ಪರಿಚಯದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೇ ಮೊದಲ ವಾರ ಅರ್ಜಿ ತೆರೆಯುತ್ತದಂತೆ. ಈ ದಾರಿಯಲ್ಲಿ ನಡೆದವರು, ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ದಾವಣಗೆರೆ_ಡಲ್ಲಾಸ್

ಮೇಡಂ, ನಾನು ಡಾಕ್ಟರ್ ಅಲ್ಲ. ಆದರೆ ಇಷ್ಟು ಓದುವುದಾದರೆ ಎಂಡಿಯೇ ಓದಲಿ ಅನ್ನುವುದು ನನ್ನ ಅಭಿಪ್ರಾಯ. ಜೀವನಪೂರ್ತಿ ಹೆಸರಿನ ಪಕ್ಕ ಇರುವ ಅಕ್ಷರ ಅಲ್ವಾ? ಒಂದು ವರ್ಷ ಕಾದರೆ ಏನೂ ನಷ್ಟವಿಲ್ಲ.

ಮಲೆನಾಡು_ಮಿಷಿಗನ್

ತಿಪಟೂರು ಅಕ್ಕ, ನಾನು ಡಿಒ. ಇಂಟರ್ನಲ್ ಮೆಡಿಸಿನ್ ಮುಗಿಸಿ ಈಗ ಆಸ್ಪತ್ರೆಯಲ್ಲಿ ಹಾಸ್ಪಿಟಲಿಸ್ಟ್ (ದಾಖಲಾದ ರೋಗಿಗಳನ್ನು ನೋಡುವ ಡಾಕ್ಟರ್) ಆಗಿದ್ದೇನೆ. ಮೊದಲು ನಿಮ್ಮ ಮಾವನವರ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಅವರ ಲೆಕ್ಕದಲ್ಲಿ ಇದು ಎಂಬಿಬಿಎಸ್ ಸಾಲಿಗೇ ಸೇರುತ್ತದೆ. ಅಮೆರಿಕದಲ್ಲಿ ಪೂರ್ಣ ಪ್ರಮಾಣದ ಡಾಕ್ಟರ್ ಆಗಲು ಎರಡು ಪದವಿಗಳಿವೆ, ಎಂಡಿ ಮತ್ತು ಡಿಒ. ಎರಡಕ್ಕೂ ನಾಲ್ಕು ವರ್ಷದ ಮೆಡಿಕಲ್ ಕಾಲೇಜು, ಆಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಸ್ಪೆಷಾಲಿಟಿ ತರಬೇತಿ. ಅನಾಟಮಿ, ಫಾರ್ಮಕಾಲಜಿ, ಸರ್ಜರಿ ಎಲ್ಲವೂ ಅವೇ. ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು, ಯಾವ ಸ್ಪೆಷಾಲಿಟಿಗೆ ಬೇಕಾದರೂ ಹೋಗಬಹುದು. ಎಲ್ಲ 50 ರಾಜ್ಯಗಳಲ್ಲೂ ಲೈಸೆನ್ಸ್ ಸಿಗುತ್ತದೆ. ಇವತ್ತು ಅಮೆರಿಕದಲ್ಲಿ ಮೆಡಿಕಲ್ ಓದುತ್ತಿರುವ ನಾಲ್ಕು ಮಕ್ಕಳಲ್ಲಿ ಒಬ್ಬರು ಡಿಒ ಕಾಲೇಜಿನಲ್ಲಿದ್ದಾರೆ.

ಜಾಸ್ತಿ ಇರುವುದು ಒಂದೇ, ಒಎಂಎಂ ಅನ್ನುವ ವಿಷಯ. ಕೈಯಿಂದ ಬೆನ್ನು, ಕುತ್ತಿಗೆ, ಪಕ್ಕೆಲುಬು, ಕೀಲು ಪರೀಕ್ಷೆ ಮಾಡಿ ಚಿಕಿತ್ಸೆ ಕೊಡುವುದು. ಮೊದಲ ಎರಡು ವರ್ಷದಲ್ಲಿ ಸುಮಾರು 200 ಗಂಟೆ ಕಲಿಸುತ್ತಾರೆ. ನನ್ನ ವಾರ್ಡಿನಲ್ಲಿ ನಾನು ಇದನ್ನು ದಿನಾ ಬಳಸುವುದಿಲ್ಲ. ಸೊಂಟ ಹಿಡಿದುಕೊಂಡವರಿಗೆ, ಕೆಮ್ಮಿ ಕೆಮ್ಮಿ ಪಕ್ಕೆ ನೋವು ಬಂದವರಿಗೆ ಆಗಾಗ ಉಪಯೋಗಿಸುತ್ತೇನೆ. ಬಹಳಷ್ಟು ಡಿಒಗಳು ರೆಸಿಡೆನ್ಸಿ ಮುಗಿದ ಮೇಲೆ ಅದನ್ನು ಮುಟ್ಟುವುದೇ ಇಲ್ಲ. ಆದರೆ ಮುಟ್ಟಿ ನೋಡುವ ಅಭ್ಯಾಸ ಉಳಿಯುತ್ತದೆ. ರೋಗಿಯ ಹೊಟ್ಟೆಯ ಮೇಲೆ ಕೈ ಇಟ್ಟರೆ ಸ್ಕ್ಯಾನ್ ಬರುವ ಮುಂಚೆಯೇ ನನಗೆ ಒಂದಿಷ್ಟು ಗೊತ್ತಾಗುತ್ತದೆ. ಆ 200 ಗಂಟೆಗೆ ನಾನು ಋಣಿ.

ಇನ್ನೊಂದು ವಿಷಯ. ಅಮೆರಿಕದ ಅಧ್ಯಕ್ಷರ ಡಾಕ್ಟರ್ ಯಾರು ಅಂತ ನೋಡಿ. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಶಾನ್ ಕಾನ್ಲಿ, ಬೈಡನ್ ಅವರಿಗೆ ಕೆವಿನ್ ಒ'ಕಾನರ್, ಮತ್ತೆ ಟ್ರಂಪ್ ಬಂದಾಗ ಶಾನ್ ಬಾರ್ಬಬೆಲ್ಲಾ. ಮೂವರೂ ಡಿಒಗಳೇ. ಇದನ್ನು ನಿಮ್ಮ ಮಾವನವರಿಗೆ ಹೇಳಿ.

ದಾವಣಗೆರೆ ಸರ್, ಒಂದು ವರ್ಷ ಕಾದರೆ ನಷ್ಟವಿಲ್ಲ ಅಂದಿರಿ. ಕಾಯುವ ಒಂದು ವರ್ಷ ಅಂದರೆ ಕೊನೆಯಲ್ಲಿ ಅಟೆಂಡಿಂಗ್ (ತರಬೇತಿ ಮುಗಿಸಿದ ಡಾಕ್ಟರ್) ಆಗಿ ದುಡಿಯುವ ಒಂದು ವರ್ಷ ಕಡಿಮೆ ಆದ ಹಾಗೆ. ಕಾಯಲೇಬಾರದು ಅಂತ ನಾನು ಹೇಳುತ್ತಿಲ್ಲ, ಆದರೆ ಅದಕ್ಕೂ ಬೆಲೆ ಇದೆ.

ಲಂಡನ್_ಕನ್ನಡತಿ

ಇಲ್ಲಿ ಒಂದು ಗೊಂದಲ ಆಗುವ ಸಾಧ್ಯತೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಆಸ್ಟಿಯೋಪಾತ್ ಅಂದರೆ ಡಾಕ್ಟರ್ ಅಲ್ಲ. ಅವರಿಗೆ ಬೇರೆ ಕೌನ್ಸಿಲ್ ಇದೆ, 1993ರ ಕಾಯ್ದೆಯಿಂದ ಬಂದದ್ದು. ಅವರು ಬೆನ್ನು, ಕತ್ತು ನೋವಿಗೆ ಚಿಕಿತ್ಸೆ ಕೊಡುತ್ತಾರೆ, ಆಪರೇಷನ್ ಮಾಡುವುದಿಲ್ಲ. ಆಸ್ಟ್ರೇಲಿಯಾದಲ್ಲೂ ಯೂರೋಪಿನಲ್ಲೂ ಹೀಗೇ. ನಮ್ಮ ನೆಂಟರು ಗೂಗಲ್ ಮಾಡಿದರೆ ಇದೇ ಮೊದಲು ಸಿಗುತ್ತದೆ, ಓದಿ ಗಾಬರಿಯಾಗುತ್ತಾರೆ. ಅಮೆರಿಕದ ಡಿಒ ಬೇರೆಯೇ, ಅವರು ಪೂರ್ತಿ ಮೆಡಿಕಲ್ ಓದಿದ ಡಾಕ್ಟರ್‌ಗಳು. ಮಗಳು ಮುಂದೆ ಬೇರೆ ದೇಶದಲ್ಲಿ ಕೆಲಸ ಮಾಡುವ ಯೋಚನೆ ಇಟ್ಟುಕೊಂಡಿದ್ದರೆ ಆ ದೇಶದ ನಿಯಮ ಏನಿದೆ ಅಂತ ಮೊದಲೇ ನೋಡಿಕೊಳ್ಳಲಿ.

ತಿಪಟೂರು_ಎಡಿಸನ್

ತುಂಬಾ ಧನ್ಯವಾದ. ಲಂಡನ್ ಅವರು ಹೇಳಿದ್ದೇ ನಮ್ಮ ಮನೆಯಲ್ಲಿ ಆಗಿದ್ದು! ಮೈದುನ ಯೂಟ್ಯೂಬ್‌ನಲ್ಲಿ ನೋಡಿ ಇದು ಮಸಾಜ್ ಕೋರ್ಸು ಅಂದುಬಿಟ್ಟ. ಆದರೆ ಒಂದು ಅನುಮಾನ. ಎರಡೂ ಒಂದೇ ಆದರೆ ಎರಡು ಪದವಿ ಯಾಕಿರಬೇಕು?

ಮಲೆನಾಡು_ಮಿಷಿಗನ್

ಇದಕ್ಕೆ ಇತಿಹಾಸವೇ ಉತ್ತರ ಅಕ್ಕ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಆಂಡ್ರೂ ಟೇಲರ್ ಸ್ಟಿಲ್ ಅಂತ ಒಬ್ಬ ಡಾಕ್ಟರ್ ಇದ್ದರು. 1864ರಲ್ಲಿ ಅವರ ಮೂರು ಮಕ್ಕಳು ಮೆನಿಂಜೈಟಿಸ್‌ನಲ್ಲಿ ತೀರಿಕೊಂಡವು. ಆ ಕಾಲದ ಚಿಕಿತ್ಸೆ ಅಂದರೆ ಪಾದರಸದ ಔಷಧಿ, ಭೇದಿ ಮಾಡಿಸುವುದು, ರಕ್ತ ತೆಗೆಯುವುದು. ತಮಗೆ ಗೊತ್ತಿದ್ದ ಯಾವ ಔಷಧಿಯಿಂದಲೂ ಮಕ್ಕಳು ಉಳಿಯಲಿಲ್ಲ. ಅಲ್ಲಿಂದ ಅವರು ದೇಹದ ರಚನೆ ಸರಿಯಿದ್ದರೆ ದೇಹವೇ ವಾಸಿ ಮಾಡಿಕೊಳ್ಳುತ್ತದೆ ಅನ್ನುವ ಕಡೆಗೆ ವಾಲಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಅನ್ನುವ ಸಣ್ಣ ಊರಿನಲ್ಲಿ ಮೊದಲ ಕಾಲೇಜು ಶುರು ಮಾಡಿದರು. ಮೊದಲ ಬ್ಯಾಚಿನಲ್ಲೇ ಹೆಣ್ಣುಮಕ್ಕಳಿದ್ದರು. ಆ ಕಾಲೇಜು ಅವರ ಹೆಸರಿನಲ್ಲೇ ಇವತ್ತಿಗೂ ಇದೆ. ಅವರು ಹೇಳಿದ್ದೆಲ್ಲ ನಿಲ್ಲಲಿಲ್ಲ. ಆಂಟಿಬಯಾಟಿಕ್, ಲಸಿಕೆ ಬಂದ ಮೇಲೆ ಡಿಒ ಕಾಲೇಜುಗಳೂ ಅವನ್ನೆಲ್ಲ ಸೇರಿಸಿಕೊಂಡು ಬದಲಾದವು.

ಎಂಡಿಗಳು ಬಹಳ ಕಾಲ ಇವರನ್ನು ಹತ್ತಿರ ಸೇರಿಸಲಿಲ್ಲ. ನನಗೆ ಈಗಲೂ ಆಶ್ಚರ್ಯವಾಗುವುದು ಕ್ಯಾಲಿಫೋರ್ನಿಯಾದ ಕಥೆ. 1962ರಲ್ಲಿ ಅಲ್ಲಿನ ಡಿಒ ಸಂಘ ಮತ್ತು ಎಂಡಿ ಸಂಘ ಒಂದಾದವು. ಲಾಸ್ ಏಂಜಲಿಸ್‌ನ ಡಿಒ ಕಾಲೇಜು ಎಂಡಿ ಕಾಲೇಜಾಯಿತು, ಅದೇ ಈಗಿನ ಅರ್ವೈನ್‌ನ ಯುಸಿ ಮೆಡಿಕಲ್ ಸ್ಕೂಲ್. ಆ ರಾಜ್ಯದ ಡಿಒಗಳಿಗೆ 65 ಡಾಲರ್ ಕಟ್ಟಿ ಎಂಡಿ ಪದವಿ ತೆಗೆದುಕೊಳ್ಳಿ ಅಂದರು. ಸುಮಾರು 2,000 ಜನ ತೆಗೆದುಕೊಂಡರು. ಹೊಸ ಓದಿಲ್ಲ, ಹೊಸ ಪರೀಕ್ಷೆ ಇಲ್ಲ. ಇವರ ಓದು ಕಡಿಮೆ ಅಂತ ಅಲ್ಲಿಯವರೆಗೆ ಹೇಳಿದ್ದವರೇ ಅವರನ್ನು ತಮ್ಮವರು ಅಂದರು. ಆಮೇಲೆ ಹೊಸ ಡಿಒಗಳಿಗೆ ಆ ರಾಜ್ಯದಲ್ಲಿ ಲೈಸೆನ್ಸ್ ನಿಂತುಹೋಯಿತು. 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮತ್ತೆ ಬಾಗಿಲು ತೆಗೆಯಿತು.

ಅಷ್ಟರಲ್ಲಿ ಬೇರೆ ಕಡೆ ಗಾಳಿ ಬದಲಾಗಿತ್ತು. 1966ರಲ್ಲಿ ಸೈನ್ಯ ಡಿಒಗಳನ್ನು ಡಾಕ್ಟರ್‌ಗಳಾಗಿ ತೆಗೆದುಕೊಳ್ಳಲು ಒಪ್ಪಿತು. ನಮ್ಮ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂಡಿ, ಡಿಒ ಎರಡೂ ಕಾಲೇಜುಗಳಿವೆ. ನಿಮ್ಮ ನ್ಯೂಜೆರ್ಸಿಯ ರೋವನ್ ಯೂನಿವರ್ಸಿಟಿಯಲ್ಲೂ ಅಷ್ಟೇ, ಕ್ಯಾಮ್ಡನ್‌ನಲ್ಲಿ ಎಂಡಿ, ಸ್ಟ್ರಾಟ್‌ಫರ್ಡ್‌ನಲ್ಲಿ ಡಿಒ. ಅದು ಸರ್ಕಾರಿ ಯೂನಿವರ್ಸಿಟಿ, ನಿಮಗೆ ರಾಜ್ಯದೊಳಗಿನವರ ಶುಲ್ಕ. ಮೊದಲು ಅಲ್ಲಿಗೆ ಅರ್ಜಿ ಹಾಕಿಸಿ.

ಧಾರವಾಡ_ಓಹಾಯೊ

ನಾನು ಎಂಡಿ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮಾಡಿ, ಇಲ್ಲಿ ರೆಸಿಡೆನ್ಸಿ ಮಾಡಿದವನು. ನಮ್ಮ ಆಸ್ಪತ್ರೆಯ ರೆಸಿಡೆಂಟ್ ಆಯ್ಕೆ ಸಮಿತಿಯಲ್ಲಿ ಬಹಳ ವರ್ಷದಿಂದ ಇದ್ದೇನೆ. ಮಲೆನಾಡು ಅವರು ಹೇಳಿದ್ದೆಲ್ಲ ನಿಜ. ಆದರೆ ಆಯ್ಕೆಯ ಕಡೆಯಿಂದ ನೋಡಿದರೆ ಏನು ಕಾಣುತ್ತದೆ ಅನ್ನುವುದನ್ನೂ ನೀವು ತಿಳಿದುಕೊಳ್ಳಬೇಕು.

ಮೊದಲು ಡಿಒಗಳಿಗೆ ಬೇರೆ ರೆಸಿಡೆನ್ಸಿಗಳು, ಎಂಡಿಗಳಿಗೆ ಬೇರೆ ಇದ್ದವು. 2015ರಿಂದ 2020ರವರೆಗೆ ಹಂತ ಹಂತವಾಗಿ ಎರಡನ್ನೂ ಒಂದೇ ಮಾನ್ಯತೆಯ ಕೆಳಗೆ ತಂದರು. ಈಗ ಎಲ್ಲರೂ ಒಂದೇ ಮ್ಯಾಚ್‌ನಲ್ಲಿ (ರೆಸಿಡೆನ್ಸಿ ಸೀಟು ಹಂಚುವ ವ್ಯವಸ್ಥೆ) ಬರುತ್ತಾರೆ. 2024ರ ಮ್ಯಾಚ್‌ನಲ್ಲಿ ಎಂಡಿ ಕೊನೆಯ ವರ್ಷದವರಲ್ಲಿ 93.5 ಶೇಕಡಾ ಜನರಿಗೆ ಸೀಟು ಸಿಕ್ಕಿತು, ಡಿಒಗಳಲ್ಲಿ 92.3 ಶೇಕಡಾ. ಇಷ್ಟೇ ನೋಡಿದರೆ ವ್ಯತ್ಯಾಸವೇ ಇಲ್ಲ ಅನ್ನಿಸುತ್ತದೆ.

ವ್ಯತ್ಯಾಸ ಇರುವುದು ಯಾವ ಸೀಟು ಅನ್ನುವುದರಲ್ಲಿ. ಅರ್ಜಿಗಳು ಬಂದಾಗ ನಮ್ಮ ಸ್ಕ್ರೀನ್ ಮೇಲೆ ಅವುಗಳನ್ನು ಸೋಸುವ ಸೌಲಭ್ಯ ಇರುತ್ತದೆ. ಅಂಕ ಹಾಕಿ ಸೋಸಬಹುದು, ಅರ್ಜಿದಾರರು ಎಂಡಿಯೋ ಡಿಒನೋ ವಿದೇಶಿ ಪದವೀಧರರೋ ಅಂತ ಸೋಸಬಹುದು. ಒಂದು ಕ್ಲಿಕ್ ಅಷ್ಟೇ. ನಮ್ಮ ಇಂಟರ್ನಲ್ ಮೆಡಿಸಿನ್‌ನಲ್ಲಿ ನಾವು ಡಿಒ ಅಂತ ಸೋಸುವುದಿಲ್ಲ, ನಮ್ಮ ರೆಸಿಡೆಂಟ್‌ಗಳಲ್ಲಿ ಎಷ್ಟೋ ಜನ ಡಿಒಗಳೇ. ಆದರೆ ಡರ್ಮಟಾಲಜಿ, ನ್ಯೂರೋ ಸರ್ಜರಿ, ಪ್ಲಾಸ್ಟಿಕ್ ಸರ್ಜರಿ, ಇಎನ್‌ಟಿ ಇಂಥ ಕಡೆ, ದೊಡ್ಡ ದೊಡ್ಡ ಯೂನಿವರ್ಸಿಟಿ ಆಸ್ಪತ್ರೆಗಳಲ್ಲಿ, ಆ ಕ್ಲಿಕ್ ಇನ್ನೂ ನಡೆಯುತ್ತದೆ. ಅರ್ಜಿಯನ್ನು ತೆರೆದು ಓದುವುದೇ ಇಲ್ಲ. ಇದು ಅನ್ಯಾಯ ಅಂತ ನಾನು ಸಮಿತಿಯಲ್ಲೂ ಹೇಳಿದ್ದೇನೆ. ಆದರೆ ನಿಮ್ಮ ಮಗಳು ಇದು ಗೊತ್ತಿದ್ದೇ ಒಳಗೆ ಹೋಗಬೇಕು.

ಹಾಗಾಗಿ ಅವಳನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ. ಎಂಥ ಡಾಕ್ಟರ್ ಆಗಬೇಕು ಅಂತ. ಫ್ಯಾಮಿಲಿ ಮೆಡಿಸಿನ್, ಮಕ್ಕಳ ಡಾಕ್ಟರ್, ಇಂಟರ್ನಲ್, ಎಮರ್ಜೆನ್ಸಿ, ಸೈಕಿಯಾಟ್ರಿ, ಅನಸ್ತೇಶಿಯಾ ಅಂದರೆ ಡಿಒ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ. ಬೇರೆ ಏನೂ ಬೇಡ, ನ್ಯೂರೋ ಸರ್ಜನ್ನೇ ಆಗಬೇಕು, ಲ್ಯಾಬ್ ರಿಸರ್ಚ್ ಬೇಕು ಅಂದರೆ ಮಾತ್ರ ಎಂಡಿಗಾಗಿ ಇನ್ನೊಂದು ವರ್ಷ ಕಷ್ಟಪಡುವುದಕ್ಕೆ ಅರ್ಥವಿದೆ. ರಿಸರ್ಚ್ ದುಡ್ಡು ಬಹುಪಾಲು ಎಂಡಿ ಕಾಲೇಜುಗಳಿಗೇ ಹೋಗುತ್ತದೆ.

ತಿಪಟೂರು_ಎಡಿಸನ್

ಧಾರವಾಡ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅವಳು ಫ್ಯಾಮಿಲಿ ಮೆಡಿಸಿನ್ ಇಲ್ಲಾ ಮಕ್ಕಳ ಡಾಕ್ಟರ್ ಅಂತಾಳೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಹೇಳಿದ್ದು ನಾಳೆ ಬದಲಾದರೆ ಅಂತ ಯಜಮಾನರ ಚಿಂತೆ. ಎಂಕ್ಯಾಟ್ ಮತ್ತೆ ಬರೆದು ಎಷ್ಟು ಬಂದರೆ ಎಂಡಿಗೆ ಸಾಕು?

ಧಾರವಾಡ_ಓಹಾಯೊ

ಅವರ ಚಿಂತೆ ಸರಿಯಾದದ್ದೇ. ಓದುತ್ತಾ ಮನಸ್ಸು ಬದಲಾಗುತ್ತದೆ, ನಾನೂ ನೋಡಿದ್ದೇನೆ. ಎಂಡಿ ಸೇರುವವರ ಸರಾಸರಿ ಎಂಕ್ಯಾಟ್ 511-512 ಆಸುಪಾಸು, ಜಿಪಿಎ 3.8 ಹತ್ತಿರ. ಡಿಒ ಸೇರುವವರದು 503 ಆಸುಪಾಸು, ಜಿಪಿಎ 3.6. ಅಂದರೆ ನಿಮ್ಮ ಮಗಳು ಡಿಒಗೆ ಸರಿಯಾಗಿ ಮಧ್ಯದಲ್ಲಿದ್ದಾಳೆ. 505 ಅನ್ನು 512 ಮಾಡುವುದು ಸುಲಭವಲ್ಲ. ಪ್ರಾಕ್ಟೀಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ 510ರ ಮೇಲೆ ಬರುತ್ತಿದ್ದು ಆ ದಿನ ಮಾತ್ರ ಕೆಟ್ಟಿದ್ದರೆ ಬರೆಯಲಿ. ಪ್ರಾಕ್ಟೀಸ್‌ನಲ್ಲೂ 505 ಇದ್ದರೆ ಸುಮ್ನೆ ಬರೆದು ಅದೇ ಅಂಕ ಪಡೆಯುವುದರಲ್ಲಿ ಅರ್ಥವಿಲ್ಲ. ಅಂಕ ಇಳಿದರೆ ಇನ್ನೂ ತೊಂದರೆ.

ಮಲೆನಾಡು_ಮಿಷಿಗನ್

ಅಂಕದ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಡಿಒ ಅರ್ಜಿಯಲ್ಲಿ ಹಳೆಯ ಕೆಟ್ಟ ಗ್ರೇಡ್ ಬದಲು ಮತ್ತೆ ಓದಿ ತೆಗೆದ ಗ್ರೇಡ್ ಮಾತ್ರ ಲೆಕ್ಕ ಹಾಕುತ್ತಾರೆ ಅಂತ ಈಗಲೂ ಕೆಲವರು ಹೇಳುತ್ತಾರೆ. ಆ ನಿಯಮ 2017ರಲ್ಲೇ ಹೋಯಿತು. ಈಗ ಎರಡೂ ಗ್ರೇಡ್ ಲೆಕ್ಕಕ್ಕೆ ಬರುತ್ತವೆ. ಇನ್ನೊಂದು, ಶ್ಯಾಡೋಯಿಂಗ್ ಮಾಡಿದ ಆ ಡಿಒ ಡಾಕ್ಟರ್ ಹತ್ತಿರ ಶಿಫಾರಸು ಪತ್ರ ಈಗಲೇ ಕೇಳಲಿ. ಡಿಒ ಒಬ್ಬರ ಪತ್ರ ಬೇಕೇ ಬೇಕು ಅನ್ನುವ ಕಾಲೇಜುಗಳಿವೆ, ಇದ್ದರೆ ಒಳ್ಳೆಯದು ಅನ್ನುವವು ಇನ್ನೂ ಜಾಸ್ತಿ. ಸೀಟುಗಳನ್ನು ಬಂದ ಹಾಗೆ ಬಂದ ಹಾಗೆ ತುಂಬುತ್ತಾ ಹೋಗುತ್ತಾರೆ. ಜೂನ್‌ನಲ್ಲಿ ಹೋದ ಅರ್ಜಿಗೂ ಡಿಸೆಂಬರ್‌ನಲ್ಲಿ ಹೋದ ಅರ್ಜಿಗೂ ಬಹಳ ವ್ಯತ್ಯಾಸ.

ಮಂಡ್ಯ_ಫ್ಲಾರಿಡಾ

ಅಕ್ಕಾ, ಡಿಒ ಬೇಡ ಅಂತ ಹೇಳಿ ಯಾರಾದರೂ ಕೆರಿಬಿಯನ್ ದ್ವೀಪಗಳ ಮೆಡಿಕಲ್ ಕಾಲೇಜುಗಳ ಕಡೆ ತೋರಿಸಿದರೆ ದಯವಿಟ್ಟು ನಿಂತು ಯೋಚಿಸಿ. ನಮ್ಮ ಅಕ್ಕನ ಮಗ ಹೋದ. ಅವನ ಅಂಕ ಹೆಚ್ಚುಕಮ್ಮಿ ನಿಮ್ಮ ಮಗಳ ಹಾಗೇ ಇತ್ತು. ಇಲ್ಲಿ ಡಿಒ ಸಿಗುತ್ತಿತ್ತು. ಎಂಡಿ ಅನ್ನುವ ಎರಡು ಅಕ್ಷರಕ್ಕಾಗಿ ದ್ವೀಪಕ್ಕೆ ಹೋದ. ಕಾಲೇಜಿನ ಹೆಸರು ಬೇಡ. ಮೊದಲ ವರ್ಷ ದೊಡ್ಡ ಹಾಲ್ ತುಂಬ ಮಕ್ಕಳು. ಎರಡನೇ ವರ್ಷಕ್ಕೆ ಕುರ್ಚಿಗಳು ಖಾಲಿ ಖಾಲಿ. ಫೇಲಾದವರು ಸಾಲ ಹೊತ್ತುಕೊಂಡು ವಾಪಸ್. ನಮ್ಮ ಹುಡುಗ ಚೆನ್ನಾಗಿ ಓದಿ ಪಾಸಾದ, ಆದರೆ ಮೊದಲ ಸಲ ಮ್ಯಾಚ್ ಆಗಲಿಲ್ಲ. ಮ್ಯಾಚ್ ಆಯಿತೋ ಇಲ್ಲವೋ ಅಂತ ತಿಳಿಯುವ ಆ ಮಾರ್ಚ್ ತಿಂಗಳ ಸೋಮವಾರ ನಮ್ಮ ಅಕ್ಕನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮುಂದಿನ ವರ್ಷ ಫ್ಯಾಮಿಲಿ ಮೆಡಿಸಿನ್ ಸಿಕ್ಕಿತು, ದೇವರು ದೊಡ್ಡವನು. ಆದರೆ ಕೊನೆಗೆ ಅವನು ಮಾಡುತ್ತಿರುವ ಕೆಲಸ ಡಿಒ ಆಗಿದ್ದರೂ ಮಾಡುತ್ತಿದ್ದ ಕೆಲಸವೇ.

ಧಾರವಾಡ_ಓಹಾಯೊ

ಮಂಡ್ಯ ಅವರು ಹೇಳಿದ್ದಕ್ಕೆ ಲೆಕ್ಕವೂ ಇದೆ. ಅದೇ 2024ರಲ್ಲಿ ವಿದೇಶದಲ್ಲಿ ಓದಿ ಬಂದ ಅಮೆರಿಕನ್ ಪ್ರಜೆಗಳಲ್ಲಿ ಮ್ಯಾಚ್ ಆದವರು 67 ಶೇಕಡಾ. ನಡುವೆ ಬಿಟ್ಟುಹೋದವರು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಜಯನಗರ_ಡಾಕ್ಟರ್

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಬಂದು ಎಂಬಿಬಿಎಸ್ ಮಾಡಿ ವಾಪಸ್ ಹೋಗಲಿ ಅನ್ನುವ ಮಾತು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಅದಕ್ಕೇ ಹೇಳುತ್ತೇನೆ. ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳ) ಮಕ್ಕಳಿಗೆ 2021ರ ಮಾರ್ಚ್‌ನ ಆದೇಶದ ಪ್ರಕಾರ ಎನ್‌ಆರ್‌ಐ ಕೋಟಾದ ಸೀಟುಗಳು ಮಾತ್ರ. ನೀಟ್ ಬರೆಯಲೇಬೇಕು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ. ಈಗಾಗಲೇ ಅಲ್ಲಿ ಡಿಗ್ರಿ ಮುಗಿಸುತ್ತಿರುವ ಹುಡುಗಿಗೆ ಇದು ಸುತ್ತು ದಾರಿ. ಕೊನೆಗೆ ರೆಸಿಡೆನ್ಸಿ ಹೊತ್ತಿಗೆ ಅವಳೂ ವಿದೇಶಿ ಪದವೀಧರರ ಸಾಲಿನಲ್ಲೇ ನಿಲ್ಲಬೇಕು. ಡಿಒ ಸೀಟು ಕೈಯಲ್ಲಿದ್ದರೆ ಅದನ್ನು ಬಿಟ್ಟು ಇಲ್ಲಿಗೆ ಕಳಿಸಬೇಡಿ.

ಹಾಸನ_ಷಾರ್ಲೆಟ್

ನನ್ನ ಮಗ ಖಾಸಗಿ ಡಿಒ ಕಾಲೇಜಿನಲ್ಲಿದ್ದಾನೆ. ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ನಮ್ಮ ಮನೆಯಲ್ಲಿ ಅದೇ ದೊಡ್ಡ ಚರ್ಚೆಯಾಗಿತ್ತು.

ಡಿಒ ಕಾಲೇಜುಗಳಲ್ಲಿ ಬಹುಪಾಲು ಖಾಸಗಿ. ಫೀಸ್ ಒಂದೇ ವರ್ಷಕ್ಕೆ 55ರಿಂದ 65 ಸಾವಿರ ಡಾಲರ್. ಬಾಡಿಗೆ, ಊಟ, ಕಾರು, ವಿಮೆ ಸೇರಿದರೆ 85-90 ಸಾವಿರಕ್ಕೆ ಮುಟ್ಟುತ್ತದೆ. ಹಿಂದೆ ಇದಕ್ಕೆಲ್ಲ ಸರ್ಕಾರಿ ಸಾಲ ಸಿಗುತ್ತಿತ್ತು, ಗ್ರ್ಯಾಡ್ ಪ್ಲಸ್ ಅಂತ. 2025ರ ಕಾನೂನು ಅದನ್ನು ಹೊಸಬರಿಗೆ ನಿಲ್ಲಿಸಿತು. 2026ರ ಜುಲೈ 1ರಿಂದ ಸೇರುವ ಮಕ್ಕಳಿಗೆ ಸರ್ಕಾರಿ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಅಷ್ಟೇ. ಉಳಿದದ್ದು ಮನೆಯಿಂದ ಬರಬೇಕು, ಇಲ್ಲಾ ಬ್ಯಾಂಕಿನ ಖಾಸಗಿ ಸಾಲ ತೆಗೆಯಬೇಕು. ಖಾಸಗಿ ಸಾಲಕ್ಕೆ ಅಪ್ಪ ಅಮ್ಮ ಸಹಿ ಹಾಕಬೇಕಾಗುತ್ತದೆ. ವರ್ಷಕ್ಕೆ 35-40 ಸಾವಿರದ ಕೊರತೆ ನಾಲ್ಕು ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಆಗುತ್ತದೆ. ರೆಸಿಡೆನ್ಸಿ ಮೊದಲ ವರ್ಷದ ಸಂಬಳ 65-70 ಸಾವಿರ ಡಾಲರ್ ಆಸುಪಾಸು. ಅದರಲ್ಲಿ ಖಾಸಗಿ ಸಾಲದ ಕಂತು ಕಟ್ಟುವುದು ಬಹಳ ಕಷ್ಟ.

ಅದಕ್ಕೇ ಹೇಳುವುದು, ರೋವನ್ ತರಹದ ಸರ್ಕಾರಿ ಕಾಲೇಜು ಸಿಕ್ಕರೆ ಕಣ್ಣುಮುಚ್ಚಿ ಹೋಗಬಹುದು. ಟೆಕ್ಸಸ್‌ನಲ್ಲಿ ಫೋರ್ಟ್ ವರ್ತ್‌ನದು, ಓಹಾಯೊ, ಒಕ್ಲಹೋಮ, ವೆಸ್ಟ್ ವರ್ಜೀನಿಯಾದಲ್ಲೂ ಸರ್ಕಾರಿ ಡಿಒ ಕಾಲೇಜುಗಳಿವೆ, ಆದರೆ ಆ ರಾಜ್ಯದವರಿಗೆ ಅಲ್ಲಿ ಅನುಕೂಲ ಜಾಸ್ತಿ. ಖಾಸಗಿಯಲ್ಲಿ ಪೆನ್ಸಿಲ್ವೇನಿಯಾದ ಲೇಕ್ ಈರಿ ಕಾಲೇಜಿಗೆ ಫೀಸ್ ಕಡಿಮೆ ಅಂತ ಹೆಸರಿದೆ. ಸೀಟು ಸಿಕ್ಕ ತಕ್ಷಣ ಸಾವಿರ, ಎರಡು ಸಾವಿರ ಡಾಲರ್ ಡಿಪಾಸಿಟ್ ಕೇಳುತ್ತಾರೆ, ಅದು ವಾಪಸ್ ಬರುವುದಿಲ್ಲ. ಅದಕ್ಕೂ ಒಂದಿಷ್ಟು ದುಡ್ಡು ಎತ್ತಿಡಿ. ಮುಂದೆ ಲಾಭಕ್ಕಾಗಿ ನಡೆಸದ ಆಸ್ಪತ್ರೆಯಲ್ಲಿ ಕೆಲಸ ಮಾಡಿದರೆ 120 ಕಂತು ಕಟ್ಟಿದ ಮೇಲೆ ಉಳಿದ ಸರ್ಕಾರಿ ಸಾಲ ಮನ್ನಾ ಆಗುವ ಯೋಜನೆ ಇದೆ. ರೆಸಿಡೆನ್ಸಿಯ ಕಂತುಗಳೂ ಅದಕ್ಕೆ ಸೇರುತ್ತವೆ. ಖಾಸಗಿ ಸಾಲಕ್ಕೆ ಈ ಸೌಲಭ್ಯ ಇಲ್ಲ.

ಕುಂದಾಪುರ_ಸಿಯಾಟಲ್

ನಮ್ಮ ಮಗಳು ಎಚ್-4 ವೀಸಾದಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು) ಇದ್ದಾಳೆ, ಗ್ರೀನ್ ಕಾರ್ಡ್ ಸಾಲು ಮುಂದೆ ಹೋಗುತ್ತಿಲ್ಲ. ಅವಳಿಗೂ ಡಿಒ ಸಾಧ್ಯವಾ? ಅವಳು ಮೂರನೇ ಕ್ಲಾಸಿನಿಂದ ಇಲ್ಲೇ ಓದಿದವಳು.

ಹಾಸನ_ಷಾರ್ಲೆಟ್

ಕುಂದಾಪುರ ಅವರೇ, ಸಾಧ್ಯ ಇದೆ, ಆದರೆ ದಾರಿ ಕಿರಿದು. 21 ತುಂಬಿದ ಮೇಲೆ ಎಚ್-4 ಮುಗಿಯುತ್ತದೆ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ತೆಗೆದುಕೊಳ್ಳುವ ಕಾಲೇಜುಗಳು ಎಂಡಿಯಲ್ಲೂ ಇವೆ, ಡಿಒನಲ್ಲೂ ಇವೆ. ಸರ್ಕಾರಿ ಸಾಲ ಸಿಗುವುದಿಲ್ಲ. ಫೀಸಿನ ದುಡ್ಡು ಮೊದಲೇ ತೋರಿಸಿ ಅನ್ನುವ ಕಾಲೇಜುಗಳೂ ಇವೆ. ಅರ್ಜಿ ಹಾಕುವ ಮುಂಚೆ ಪ್ರತಿ ಕಾಲೇಜಿನ ಅಡ್ಮಿಶನ್ ಆಫೀಸಿಗೆ ಮೇಲ್ ಬರೆದು, ಅವಳ ವೀಸಾ ಸ್ಥಿತಿ ಸ್ಪಷ್ಟವಾಗಿ ಹೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಇಲ್ಲಿ ಬೆಳೆದ ಮಕ್ಕಳಿಗೆ ಇಷ್ಟು ಕಷ್ಟ ಬರಬಾರದಿತ್ತು.

ಸಾಗರ_ಎರಡನೇವರ್ಷ

ನಾನು ಡಿಒ ಎರಡನೇ ವರ್ಷದ ವಿದ್ಯಾರ್ಥಿನಿ. ಅಮ್ಮ ಈ ಚರ್ಚೆ ತೋರಿಸಿದರು. ನನ್ನ ಕನ್ನಡ ಬರವಣಿಗೆ ಅಷ್ಟು ಚೆನ್ನಾಗಿಲ್ಲ, ಕ್ಷಮಿಸಿ.

ಒಎಂಎಂ ಲ್ಯಾಬ್ ಹೇಗಿರುತ್ತದೆ ಅಂತ ಹೇಳುತ್ತೇನೆ. ದೊಡ್ಡ ಹಾಲ್, ಸಾಲಾಗಿ ಮೇಜುಗಳು. ಎಲ್ಲರೂ ಶಾರ್ಟ್ಸ್, ಟೀ ಶರ್ಟ್ ಹಾಕಿಕೊಂಡು ಬರಬೇಕು. ಇಬ್ಬಿಬ್ಬರು ಜೊತೆ. ಒಬ್ಬರು ಮಲಗುತ್ತಾರೆ, ಇನ್ನೊಬ್ಬರು ಪರೀಕ್ಷೆ ಮಾಡುತ್ತಾರೆ, ಆಮೇಲೆ ಅದಲು ಬದಲು. ಮೊದಲ ತಿಂಗಳು ಬೆನ್ನಿನ ಮೇಲೆ ಬೆರಳಿಟ್ಟರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೆನ್ನುಮೂಳೆಯ ಪಕ್ಕ ಎರಡೂ ಹೆಬ್ಬೆರಳು ಇಟ್ಟು, ಜೊತೆಗಾರ್ತಿ ಉಸಿರು ಎಳೆದಾಗ ಒಂದು ಕಡೆ ಮೇಲೆ ಬರುವುದು ನಿಧಾನ ಅಂತ ಗೊತ್ತಾಗಲು ಚಳಿಗಾಲವೇ ಬಂತು. ಅವತ್ತು ಬಹಳ ಖುಷಿಯಾಯಿತು. ತಲೆಬುರುಡೆಯ ಮೂಳೆಗಳ ಚಲನೆ ಹಿಡಿಯುವ ಒಂದು ಭಾಗ ಇದೆ, ಅದಕ್ಕೆ ಗಟ್ಟಿ ಆಧಾರ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೂ ಪರೀಕ್ಷೆಗೆ ಓದಲೇಬೇಕು. ಸೊಂಟ ನೋವಿನ ಚಿಕಿತ್ಸೆಗೆ ಅದಕ್ಕಿಂತ ಎಷ್ಟೋ ಒಳ್ಳೆಯ ಆಧಾರ ಇದೆ.

ನಾನು ಎಲ್ಲರಿಗೂ ಹೇಳುವುದು ರೊಟೇಶನ್ (ಆಸ್ಪತ್ರೆಯ ವಿಭಾಗಗಳಲ್ಲಿ ಸರದಿ ತರಬೇತಿ) ಬಗ್ಗೆ. ಬಹಳ ಡಿಒ ಕಾಲೇಜುಗಳಿಗೆ ಸ್ವಂತ ದೊಡ್ಡ ಆಸ್ಪತ್ರೆ ಇಲ್ಲ. ಮೂರನೇ ವರ್ಷ ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ಕಳಿಸುತ್ತಾರೆ. ನನ್ನ ಸೀನಿಯರ್ ಒಬ್ಬಳಿಗೆ ಲಾಟರಿಯಲ್ಲಿ ಐದು ಗಂಟೆ ದೂರದ ಊರು ಬಂತು. ಅಲ್ಲಿ ರೆಸಿಡೆಂಟ್‌ಗಳೇ ಇಲ್ಲ, ಒಬ್ಬ ಡಾಕ್ಟರ್ ಹಿಂದೆ ಓಡಾಡುವುದು ಅಷ್ಟೇ. ಇನ್ನೊಬ್ಬಳಿಗೆ ಒಳ್ಳೆಯ ಟೀಚಿಂಗ್ ಆಸ್ಪತ್ರೆ ಸಿಕ್ಕಿತು. ಒಂದೇ ಕಾಲೇಜು, ಒಂದೇ ಫೀಸ್. ಇಂಟರ್‌ವ್ಯೂನಲ್ಲಿ ಕಟ್ಟಡ, ಜಿಮ್ ತೋರಿಸುತ್ತಾರೆ. ಮೂರನೇ ವರ್ಷ ನಾನು ಎಲ್ಲಿರುತ್ತೇನೆ, ಆ ಊರು ಯಾರು ನಿರ್ಧರಿಸುತ್ತಾರೆ, ಅಲ್ಲಿ ಮಕ್ಕಳ ವಿಭಾಗ, ಹೆರಿಗೆ ವಿಭಾಗ ಇದೆಯಾ, ರೆಸಿಡೆಂಟ್‌ಗಳಿದ್ದಾರಾ ಅಂತ ಕೇಳಬೇಕು. ಅಲ್ಲಿರುವ ಮೂರನೇ ವರ್ಷದವರ ಹತ್ತಿರ ಮಾತಾಡಿಸಿ ಅಂತಲೂ ಕೇಳಬೇಕು. ಹೊಸ ಕಾಲೇಜುಗಳಲ್ಲಿ ಇದನ್ನು ಎರಡು ಸಲ ಕೇಳಿ.

ದಾವಣಗೆರೆ_ಡಲ್ಲಾಸ್

ಇಷ್ಟೆಲ್ಲ ಓದಿದ ಮೇಲೆ ನಾನು ಕಾಯಿರಿ ಅಂತ ಹೇಳುವುದಿಲ್ಲ. ಸಾಗರದ ತಂಗಿ, ನಿನ್ನ ಕನ್ನಡ ತುಂಬಾ ಚೆನ್ನಾಗಿದೆ.

ತಿಪಟೂರು_ಎಡಿಸನ್

ರಾತ್ರಿ ಎಲ್ಲವನ್ನೂ ಯಜಮಾನರಿಗೆ ಓದಿ ಹೇಳಿದೆ. ಮಗಳೂ ಕೂತಿದ್ದಳು. ಪ್ರಾಕ್ಟೀಸ್ ಪರೀಕ್ಷೆಯಲ್ಲೂ ಅವಳಿಗೆ 504, 506 ಬರುತ್ತಿತ್ತಂತೆ, ಹಾಗಾಗಿ ಮತ್ತೆ ಬರೆಯುವುದು ಬೇಡ ಅಂತಾಯಿತು. ರೋವನ್ ಡಿಒ ಮೊದಲು, ಜೊತೆಗೆ ಫಿಲಡೆಲ್ಫಿಯಾ, ನ್ಯೂಯಾರ್ಕ್ ಕಡೆಯ ಡಿಒ ಕಾಲೇಜುಗಳು, ನ್ಯೂಜೆರ್ಸಿಯ ಎಂಡಿ ಕಾಲೇಜುಗಳಿಗೂ ಅರ್ಜಿ ಹಾಕಿ ನೋಡುವುದು. ದುಡ್ಡಿನ ಲೆಕ್ಕ ಯಜಮಾನರು ಹಾಕುತ್ತಿದ್ದಾರೆ.

ಮಗಳ ಒಂದು ಪ್ರಶ್ನೆ ಇದೆ, ಅವಳೇ ಬರೆಸಿದ್ದು. ಡಿಒಗಳು ತಮ್ಮ ಲೈಸೆನ್ಸ್ ಪರೀಕ್ಷೆ ಕಾಮ್ಲೆಕ್ಸ್ ಬರೆಯಬೇಕು, ಅದರ ಜೊತೆ ಯುಎಸ್‌ಎಂಎಲ್‌ಇ ಕೂಡ ಬರೆಯಲೇಬೇಕಾ?

ಮಲೆನಾಡು_ಮಿಷಿಗನ್

ಕಾಮ್ಲೆಕ್ಸ್ ಕಡ್ಡಾಯ, ಅದಿಲ್ಲದೆ ಡಿಒ ಪದವಿ ಸಿಗುವುದಿಲ್ಲ. ಯುಎಸ್‌ಎಂಎಲ್‌ಇ ಅವಳ ಇಷ್ಟ. ಫ್ಯಾಮಿಲಿ ಮೆಡಿಸಿನ್, ಮಕ್ಕಳ ವಿಭಾಗಕ್ಕೆ ಕಾಮ್ಲೆಕ್ಸ್ ಮಾತ್ರ ಸಾಕು ಅನ್ನುವ ಪ್ರೋಗ್ರಾಂಗಳು ಬೇಕಾದಷ್ಟಿವೆ. ಆದರೆ ದೊಡ್ಡ ಯೂನಿವರ್ಸಿಟಿ ಆಸ್ಪತ್ರೆ ಬೇಕು, ಇಲ್ಲಾ ಮನಸ್ಸು ಬದಲಾಗಿ ಪೈಪೋಟಿ ಇರುವ ಸ್ಪೆಷಾಲಿಟಿ ಬೇಕು ಅನ್ನಿಸಿದರೆ ಯುಎಸ್‌ಎಂಎಲ್‌ಇ ಅಂಕ ಕೇಳುತ್ತಾರೆ. ಯುಎಸ್‌ಎಂಎಲ್‌ಇಯ ಮೊದಲ ಭಾಗ ಸ್ಟೆಪ್ 1, 2022ರಿಂದ ಬರೀ ಪಾಸ್-ಫೇಲ್, ಹಾಗಾಗಿ ಈಗ ಎಲ್ಲರೂ ನೋಡುವುದು ಸ್ಟೆಪ್ 2 ಅಂಕವನ್ನು.

ನಿಮ್ಮ ಯಜಮಾನರ ಚಿಂತೆ ಇತ್ತಲ್ಲ, ಮನಸ್ಸು ಬದಲಾದರೆ ಅಂತ, ಅದಕ್ಕೆ ಇದೇ ಪರಿಹಾರ. ಎರಡನ್ನೂ ಬರೆದಿಟ್ಟುಕೊಂಡರೆ ಬಾಗಿಲು ತೆರೆದೇ ಇರುತ್ತದೆ. ಒಂದೊಂದು ಪರೀಕ್ಷೆಗೂ ನೂರಾರು ಡಾಲರ್ ಫೀಸ್, ಅದನ್ನೂ ಲೆಕ್ಕಕ್ಕೆ ಸೇರಿಸಲು ಹೇಳಿ. ಓದು ಹೆಚ್ಚುಕಮ್ಮಿ ಒಂದೇ. ಮೊದಲು ಯುಎಸ್‌ಎಂಎಲ್‌ಇ ಬರೆದು, ಒಂದು ವಾರ ಒಎಂಎಂ ಮಾತ್ರ ತಿರುವಿ ಹಾಕಿ, ಆಮೇಲೆ ಕಾಮ್ಲೆಕ್ಸ್ ಬರೆಯುವವರೇ ಜಾಸ್ತಿ. ಇದೆಲ್ಲ ಎರಡನೇ ವರ್ಷದ ಕೊನೆಯ ಮಾತು, ಈಗಲೇ ತಲೆ ಕೆಡಿಸಿಕೊಳ್ಳುವುದು ಬೇಡ. ಈ ವಾರ ಅವಳು ಮಾಡಬೇಕಾದ್ದು ಆ ಡಾಕ್ಟರ್‌ಗೆ ಫೋನ್ ಮಾಡಿ ಪತ್ರ ಕೇಳುವುದು. ಬೇಸಿಗೆಯಲ್ಲಿ ಅವರು ರಜೆ ಮೇಲೆ ಹೋದರೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ.